ಅಡಿಕೆ ಚೊಗರಿನ ಬಣ್ಣ ಮೂರೇ ಒಗೆತಕ್ಕೆ ಹೋಯಿತು, ಎಲ್ಲಿ ತಪ್ಪಿದೆ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಕಡೆ, ಅಡಿಕೆ ತೋಟ ಇದೆ. ವರ್ಷಕ್ಕೆ ಎರಡೇ ಜೊತೆ ಬಟ್ಟೆ, ಅದೂ ಕೈಮಗ್ಗದ್ದೇ ಸಾಕು ಅಂತ ತೀರ್ಮಾನ ಮಾಡಿಕೊಂಡಿದ್ದೇನೆ. ಈ ಸಲ ಬಿಳಿ ಹತ್ತಿ ಬಟ್ಟೆ ಐದು ಮೀಟರ್ ತಂದು ಎರಡು ತುಂಡು ಮಾಡಿದೆ. ಒಂದು ತುಂಡಿಗೆ ನಮ್ಮನೆ ಚೊಗರಿನದೇ ಬಣ್ಣ ಹಾಕಿದೆ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಗಟ್ಟಿ ಕಂದು ರಸವೇ ಚೊಗರು. ಅದಕ್ಕೆ ನೀರು ಬೆರೆಸಿ, ಅಮ್ಮನ ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಕುದಿಸಿ, ಬಟ್ಟೆ ಅದ್ದಿ ಒಂದು ಗಂಟೆ ಬಿಟ್ಟೆ. ತೆಗೆದಾಗ ಎಷ್ಟು ಚಂದದ ಕೆಂಗಂದು ಬಂದಿತ್ತು! ಒಣಗಿದ ಮೇಲೆ ನೋಡಿದರೆ ಅಲ್ಲಲ್ಲಿ ಬೂದು ಮಚ್ಚೆ, ಮೂರು ಸಲ ಒಗೆಯುವಷ್ಟರಲ್ಲಿ ಬಣ್ಣ ಅರ್ಧಕ್ಕರ್ಧ ಹೋಯಿತು. ಅಪ್ಪನ ಬನಿಯನ್ ಮೇಲೆ ಬಿದ್ದ ಚೊಗರಿನ ಕಲೆ ಮಾತ್ರ ಹತ್ತು ವರ್ಷವಾದರೂ ಹೋಗಿಲ್ಲ. ಅಲ್ಲಿ ಹಿಡಿದದ್ದು ಇಲ್ಲಿ ಯಾಕೆ ಹಿಡಿಯಲಿಲ್ಲ?

ಬಣ್ಣದಹಂಡೆ:
ಚೊಗರಿನದು ಏನೂ ತಪ್ಪಿಲ್ಲ. ಬಟ್ಟೆ ಅದನ್ನು ಹಿಡಿದುಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ, ಅಷ್ಟೇ. ಮಗ್ಗಕ್ಕೆ ಹೋಗುವ ಮೊದಲು ನೂಲಿಗೆ ಗಂಜಿ ಹಾಕಿರುತ್ತಾರೆ. ಆ ಗಂಜಿ ಹೋಗದೆ ಬಣ್ಣ ನೂಲಿನ ಒಳಗೆ ಇಳಿಯುವುದಿಲ್ಲ, ಮೇಲೆ ಮೇಲೆ ಕೂತಿರುತ್ತದೆ. ಅಪ್ಪನ ಬನಿಯನ್ ಗಂಜಿಯಿಲ್ಲದ, ಹತ್ತಾರು ಸಲ ಒಗೆದ ಬಟ್ಟೆ, ಅದರ ಮೇಲೆ ಚೊಗರು ದಿನಾ ಬಿದ್ದು ಒಣಗಿ, ಬಿದ್ದು ಒಣಗಿ ಒಳಗಿಳಿದಿದೆ.

ಉಳಿದ ತುಂಡಿನ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಹನಿ ಕೂಡಲೇ ಹೀರಿಕೊಂಡರೆ ಬಟ್ಟೆ ತಯಾರಿದೆ. ಮುತ್ತಿನ ಹಾಗೆ ನಿಂತರೆ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿ.

ಆಮೇಲೆ ಅಳಲೆಕಾಯಿ ಮತ್ತು ಪಟಿಕ. ಎರಡೂವರೆ ಮೀಟರ್ ಬಟ್ಟೆ ಸುಮಾರು 400 ಗ್ರಾಂ ತೂಗುತ್ತದೆ ಅಂದುಕೊಳ್ಳಿ, ಅದಕ್ಕೆ 80 ಗ್ರಾಂ ಅಳಲೆ ಪುಡಿ, 60 ಗ್ರಾಂ ಪಟಿಕ. ಮೊದಲ ರಾತ್ರಿ ಅಳಲೆ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಸುಮ್ನೆ ಹಿಂಡಿ ನೆರಳಲ್ಲಿ ಒಣಗಿಸಿ, ಜಾಲಿಸಬೇಡಿ. ಎರಡನೇ ರಾತ್ರಿ ಪಟಿಕದ ನೀರು. ಹತ್ತಿಗೆ ಪಟಿಕ ತಾನಾಗಿ ಸರಿಯಾಗಿ ಅಂಟುವುದಿಲ್ಲ, ಅಳಲೆಯ ಒಗರು ಅದನ್ನು ಹಿಡಿದುಕೊಳ್ಳುತ್ತದೆ, ಬಣ್ಣ ಪಟಿಕವನ್ನು ಹಿಡಿದುಕೊಳ್ಳುತ್ತದೆ. ಈ ಎರಡು ರಾತ್ರಿ ಉಳಿಸಲು ಹೋದರೆ ಬಣ್ಣ ಉಳಿಯುವುದಿಲ್ಲ.

ಬಣ್ಣದ ನೀರಿಗೆ ಸ್ಟೀಲ್ ಪಾತ್ರೆ ತಗೊಳ್ಳಿ. ಸಣ್ಣ ಉರಿಯಲ್ಲಿ ಒಂದು ಗಂಟೆ ಬಟ್ಟೆ ತಿರುವುತ್ತಾ ಇರಿ, ಆರುವವರೆಗೂ ಅದರಲ್ಲೇ ಬಿಡಿ. ಬೂದು ಮಚ್ಚೆ ಬಂದದ್ದು ನಿಮ್ಮ ಬಾಣಲೆಯಿಂದ. ಚೊಗರಿನ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ.

ಮಗ್ಗದೂರು:
ನಾನು ಬೀಟ್‌ರೂಟ್, ಅರಿಶಿನದಲ್ಲಿ ಮಾಡಿದ್ದೆ, ಅದು ಇನ್ನೂ ಸುಲಭ ಅಲ್ವಾ?

ಬಣ್ಣದಹಂಡೆ:
ಸುಲಭ, ಆದರೆ ಬಿಸಿಲಿಗೆ ನಿಲ್ಲುವುದಿಲ್ಲ. ಅರಿಶಿನದ ಬಟ್ಟೆಗೆ ಸೋಪು ತಾಗಿದರೆ ಕೆಂಪಗಾಗುವುದನ್ನು ನೀವೇ ನೋಡಿರುತ್ತೀರಿ. ಹಳದಿ ಬೇಕಾದರೆ ದಾಳಿಂಬೆ ಸಿಪ್ಪೆ ಒಣಗಿಸಿಡಿ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಚರಕ ಸಹಕಾರ ಸಂಘದ ಹೆಣ್ಣುಮಕ್ಕಳು ಚೊಗರು, ದಾಳಿಂಬೆ ಸಿಪ್ಪೆ ಎರಡನ್ನೂ ಬಳಸುತ್ತಾರೆ. ಶಿರಸಿಯಿಂದ ಏನೂ ದೂರ ಇಲ್ಲ, ಒಮ್ಮೆ ಹೋಗಿ ಬಟ್ಟೆ ಮುಟ್ಟಿ ನೋಡಿ.

ಧಾರವಾಡ ಟೇಲರ್:
ಅಕ್ಕಾ, ಒಂದು ಮಾತು. ಹೊಲಿಸುವ ಮೊದಲೇ ಬಣ್ಣ ಹಾಕುತ್ತಿದ್ದೀರಿ, ಒಳ್ಳೆಯದು. ಕೈಮಗ್ಗದ ಬಟ್ಟೆ ಕುದಿಸಿದಾಗ ಕುಗ್ಗುತ್ತದೆ, ಅದೆಲ್ಲ ಮೊದಲೇ ಮುಗಿದಿರಬೇಕು. ನನ್ನ ಹತ್ತಿರ ಎಷ್ಟೋ ಜನ ಹೊಸ ಬಟ್ಟೆ ಹಾಗೇ ತಂದು ಹೊಲಿಸಿ, ಒಂದು ಒಗೆತದ ಮೇಲೆ ತೋಳು ಗಿಡ್ಡಾಯಿತು ಅಂತ ವಾಪಸ್ ಬರುತ್ತಾರೆ.

ಕತ್ತರಿಸುವಾಗ ಹಳೇ ಕಾಲದ ಜುಬ್ಬಾದ ಮಾದರಿ ಹಿಡಿಯಲು ನಿಮ್ಮ ಟೇಲರ್‌ಗೆ ಹೇಳಿ. ಮುಂದೆ, ಹಿಂದೆ, ತೋಳು ಎಲ್ಲ ನೇರ ಪಟ್ಟಿ, ಕಂಕುಳಿಗೆ ಚಿಕ್ಕ ಚೌಕ ತುಂಡು. ಆ ಚೌಕ ಇದ್ದರೆ ಕೈ ಎತ್ತಿದಾಗ ಬಟ್ಟೆ ಎಳೆಯುವುದಿಲ್ಲ, ಕಂಕುಳಲ್ಲಿ ಹರಿಯುವುದೂ ಇಲ್ಲ. ಕತ್ತರಿಸಿದ ಚೂರುಗಳೂ ಜಾಸ್ತಿ ಉಳಿಯುವುದಿಲ್ಲ. ಉಳಿದದ್ದನ್ನು ಎಸೆಯಬೇಡಿ, ನಮ್ಮ ಕಡೆ ಕೌದಿಗೆ ಹಾಕುತ್ತೇವೆ. ಹೊಲಿಗೆಯ ಅಂಚಲ್ಲಿ ಒಂದು ಇಂಚು ಜಾಸ್ತಿ ಬಿಡಿಸಿ, ಮುಂದೆ ದಪ್ಪ ಆದರೆ ಬಿಚ್ಚಿಕೊಳ್ಳಬಹುದು. ಮತ್ತೆ ಹತ್ತಿ ದಾರದಲ್ಲೇ ಹೊಲಿಸಿ. ಪಾಲಿಯೆಸ್ಟರ್ ದಾರಕ್ಕೆ ಈ ಬಣ್ಣ ಹತ್ತುವುದಿಲ್ಲ, ಇನ್ನೊಮ್ಮೆ ಬಣ್ಣಕ್ಕೆ ಹಾಕಿದಾಗ ಹೊಲಿಗೆ ಬೆಳ್ಳಗೆ ಕಾಣುತ್ತದೆ.

ತೋಟದಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಚ್ಚೆ ಬಿದ್ದ ತುಂಡನ್ನು ಉಳಿಸಬಹುದಾ? ನೇಯ್ದವರ ಶ್ರಮ ನೆನೆದರೆ ಒರೆಸುವ ಬಟ್ಟೆ ಮಾಡಲು ಮನಸ್ಸು ಬರುತ್ತಿಲ್ಲ.

ಬಣ್ಣದಹಂಡೆ:
ಖಂಡಿತ ಉಳಿಯುತ್ತದೆ. ಮಚ್ಚೆ ತೆಗೆಯಲು ಹೋಗಬೇಡಿ, ಬಟ್ಟೆಯನ್ನೇ ಪೂರ್ತಿ ಕಪ್ಪು ಮಾಡಿಬಿಡಿ. ತುಕ್ಕು ಹಿಡಿದ ಮೊಳೆ, ಲಾಳದ ಚೂರು, ಒಂದು ಉಂಡೆ ಬೆಲ್ಲ ನೀರಲ್ಲಿ ಹಾಕಿ ಎರಡು ಮೂರು ವಾರ ಹುಳಿ ಬರಲು ಬಿಡಿ. ಮುಚ್ಚಳ ಬಿಗಿ ಮಾಡಬೇಡಿ. ಆ ಕಬ್ಬಿಣದ ನೀರನ್ನು ಸೋಸಿ, ಗಂಜಿ ತೆಗೆದು ಅಳಲೆಯಲ್ಲಿ ನೆನೆಸಿದ ಬಟ್ಟೆಯನ್ನು ಅದರಲ್ಲಿ ಅದ್ದಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಹತ್ತು ನಿಮಿಷ ಸಾಕು, ಕಬ್ಬಿಣ ಜಾಸ್ತಿಯಾದರೆ ನೂಲು ಸೊರಗುತ್ತದೆ. ಎರಡೂ ತುಂಡನ್ನು ಮೊದಲ ಸಲ ಒಗೆಯಲು ಎರಡು ವಾರ ಕಾಯಿರಿ, ಆಮೇಲೂ ಅಂಟುವಾಳದ ನೀರಲ್ಲೇ ಒಗೆಯಿರಿ.

ತೋಟದಮನೆ:
ಹನಿ ಹಾಕಿ ನೋಡಿದೆ, ಮುತ್ತಿನ ಹಾಗೇ ನಿಂತಿತು! ಸೋಡಾದಲ್ಲಿ ಕುದಿಸಿದ ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ಬಂತು, ಬಿಳಿ ಬಟ್ಟೆಯಲ್ಲಿ ಇಷ್ಟೆಲ್ಲ ಇತ್ತಾ ಅಂತ ಅಮ್ಮನೂ ಬಂದು ನೋಡಿದಳು. ಎರಡನೇ ಸಲ ಹನಿ ಹಾಕಿದರೆ ಬೆರಳು ತೆಗೆಯುವುದರೊಳಗೆ ಇಂಗಿಹೋಯಿತು. ಅಳಲೆಯಲ್ಲಿ ನೆನೆಸಿಟ್ಟಿದ್ದೇನೆ. ಮೊಳೆ, ಬೆಲ್ಲದ ಡಬ್ಬಿ ಕೊಟ್ಟಿಗೆಯ ಮೂಲೆಯಲ್ಲಿದೆ.