ಪ್ರವಾಸದ ಬಯಕೆ ಬೇಡಿಕೆಯಾಗುವ ಬಗೆ

ಪ್ರಶ್ನೆ: ಮೇಡಂ, ನಾನು ಪ್ರವಾಸೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿ. ಜನರು ಏಕೆ ಪ್ರವಾಸ ಹೋಗುತ್ತಾರೆ ಎಂಬುದನ್ನು ಮನಶ್ಶಾಸ್ತ್ರದ ಪಾಠದಲ್ಲಿ ಓದುತ್ತೇವೆ, ಅಂತರರಾಷ್ಟ್ರೀಯ ಪ್ರವಾಸದ ಬೇಡಿಕೆಯನ್ನು ಅರ್ಥಶಾಸ್ತ್ರದ ಪಾಠದಲ್ಲಿ ಓದುತ್ತೇವೆ. ಒಂದರಲ್ಲಿ ಮನಸ್ಸಿನ ಮಾತು, ಇನ್ನೊಂದರಲ್ಲಿ ಆದಾಯ ಮತ್ತು ಬೆಲೆಗಳ ಸಮೀಕರಣ. ಇವೆರಡನ್ನೂ ಜೋಡಿಸುವ ಎಳೆ ಯಾವುದೆಂದು ತಿಳಿಸುವಿರಾ?

ಉತ್ತರ: ಪ್ರವಾಸದ ಬೇಡಿಕೆಯನ್ನು ಅಂದಾಜಿಸುವುದೇ ನನ್ನ ವೃತ್ತಿಯಾದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ. 1977ರಲ್ಲಿ ಸಮಾಜಶಾಸ್ತ್ರಜ್ಞ ಗ್ರಹಾಂ ಡ್ಯಾನ್ ಅವರು ಪ್ರವಾಸದ ಕಾರಣಗಳನ್ನು ಮನೆಯಿಂದ ಹೊರಡಿಸುವ ಒತ್ತಡಗಳು ಮತ್ತು ತಾಣದ ಸೆಳೆತಗಳು ಎಂದು ಎರಡಾಗಿ ವಿಂಗಡಿಸಿದರು. ಎರಡು ವರ್ಷಗಳ ನಂತರ ಪ್ರವಾಸೋದ್ಯಮದ ಸಂಶೋಧಕ ಜಾನ್ ಕ್ರಾಂಪ್ಟನ್ ಅವರು ವಿಹಾರಕ್ಕೆ ಹೋಗುವವರಲ್ಲಿ ಒಂಬತ್ತು ಪ್ರೇರಣೆಗಳನ್ನು ಗುರುತಿಸಿದರು. ದಿನನಿತ್ಯದ ಏಕತಾನತೆಯಿಂದ ಬಿಡುಗಡೆ, ವಿಶ್ರಾಂತಿ, ತನ್ನನ್ನು ತಾನು ಅರಿಯುವ ಅವಕಾಶ, ಪ್ರತಿಷ್ಠೆ, ಕಟ್ಟುಪಾಡುಗಳನ್ನು ಮರೆತು ಮಕ್ಕಳಂತಿರುವ ಸಲಿಗೆ, ಕುಟುಂಬದವರ ಒಡನಾಟ, ಹೊಸಬರ ಪರಿಚಯ ಎಂಬ ಏಳಕ್ಕೆ ಯಾವುದೇ ನಿರ್ದಿಷ್ಟ ಊರು ಬೇಕಾಗಿಲ್ಲ. ಹೊಸತನ್ನು ಕಾಣುವ ಮತ್ತು ಕಲಿಯುವ ಆಸೆಗಳೆಂಬ ಉಳಿದ ಎರಡು ಮಾತ್ರ ತಾಣದ ಗುಣದೊಂದಿಗೆ ಒಂದಿಷ್ಟು ಬೆಸೆದುಕೊಂಡಿವೆ.

ತಾವು ಕೇಳುತ್ತಿರುವ ಎಳೆ ಇಲ್ಲಿಯೇ ಇದೆ. ವಿಶ್ರಾಂತಿಯನ್ನೋ ಬಿಡುಗಡೆಯನ್ನೋ ಅರಸಿ ಹೊರಟವರಿಗೆ ಹತ್ತು ದೇಶಗಳ ಕಡಲತೀರಗಳು ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ, ಅವುಗಳಲ್ಲಿ ಒಂದನ್ನು ಆರಿಸುವಾಗ ಅವರು ವಿನಿಮಯ ದರ, ವಿಮಾನದ ದರ, ವೀಸಾದ ಸಲೀಸು ಮತ್ತು ಸುರಕ್ಷತೆಯನ್ನು ನೋಡುತ್ತಾರೆ. ಪ್ರೇರಣೆ ಸ್ಥಳಕ್ಕೆ ಎಷ್ಟು ಸಡಿಲವಾಗಿ ಅಂಟಿಕೊಂಡಿದೆಯೋ ಬೇಡಿಕೆ ಬೆಲೆಗೆ ಅಷ್ಟು ಬೇಗ ಓಗೊಡುತ್ತದೆ. ತೀರ್ಥಯಾತ್ರೆಯಲ್ಲಿ, ಪರದೇಶದಲ್ಲಿರುವ ಮಕ್ಕಳನ್ನೋ ಬಂಧುಗಳನ್ನೋ ಕಾಣಲು ಹೋಗುವುದರಲ್ಲಿ ಈ ಸಡಿಲತೆ ಇಲ್ಲ. ಹಜ್ ಯಾತ್ರೆಗೆ ಮೆಕ್ಕಾದ ಬದಲಿಗೆ ಇನ್ನೊಂದು ಊರಿಲ್ಲ. ಅಲ್ಲಿಗೆ ಹೋಗುವವರ ಸಂಖ್ಯೆಯನ್ನು ಬೆಲೆಗಿಂತ ಹೆಚ್ಚಾಗಿ, ಒಂದೊಂದು ದೇಶದ ಪ್ರತಿ ಹತ್ತು ಲಕ್ಷ ಮುಸ್ಲಿಮರಿಗೆ 1,000 ಮಂದಿ ಎಂಬ ಲೆಕ್ಕದ ಕೋಟಾ ನಿರ್ಧರಿಸುತ್ತದೆ.

ಪ್ರಶ್ನೆ: ಹಾಗಾದರೆ ಬೆಲೆಯೇ ಎಲ್ಲಕ್ಕಿಂತ ದೊಡ್ಡ ಅಂಶವೇ?

ಉತ್ತರ: ಎಲ್ಲಿಗೆ ಎಂಬ ಆಯ್ಕೆಯಲ್ಲಿ ಬೆಲೆಯ ಪಾತ್ರ ದೊಡ್ಡದು. ಒಟ್ಟಾರೆ ಎಷ್ಟು ಜನ ಹೊರಡುತ್ತಾರೆ ಎಂಬುದಕ್ಕೆ ಆದಾಯವೇ ಮುಖ್ಯ. ಜಗತ್ತಿನಲ್ಲಿ ಅಂತರರಾಷ್ಟ್ರೀಯ ಪ್ರವಾಸಿಗರ ಆಗಮನಗಳು 1950ರಲ್ಲಿ ಸುಮಾರು 2.5 ಕೋಟಿ ಇದ್ದು, 2019ರ ಹೊತ್ತಿಗೆ 146 ಕೋಟಿಯಷ್ಟಾದವು. ಈ ನಡುವೆ ಮನುಷ್ಯರ ಕುತೂಹಲ ಅಷ್ಟು ಪಟ್ಟು ಹೆಚ್ಚಿತೆಂದು ಯಾರೂ ಹೇಳಲಾರರು. ಕೈಯಲ್ಲಿ ಉಳಿಯುವ ಹಣ, ಸಂಬಳಸಹಿತ ರಜೆ ಮತ್ತು 1950ರ ದಶಕದ ಕೊನೆಯಿಂದ ವ್ಯಾಪಕವಾದ ಜೆಟ್ ವಿಮಾನಗಳು ಇದ್ದ ಬಯಕೆಗೇ ದಾರಿ ಮಾಡಿಕೊಟ್ಟವು. ಆದಾಯ ಶೇ. 1ರಷ್ಟು ಏರಿದರೆ ವಿದೇಶ ಪ್ರವಾಸದ ಬೇಡಿಕೆ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಏರುತ್ತದೆ, ಅಂದರೆ ಆದಾಯ ಸ್ಥಿತಿಸ್ಥಾಪಕತ್ವ ಒಂದಕ್ಕಿಂತ ಹೆಚ್ಚು ಎಂಬುದು ಅನೇಕ ಅಧ್ಯಯನಗಳು ಕಂಡುಕೊಂಡ ಸಂಗತಿ.

ಬೆಲೆ ಎಂದಾಗ ಬರೀ ಹೋಟೆಲ್ ಬಾಡಿಗೆಯನ್ನು ಲೆಕ್ಕ ಹಾಕಬೇಡಿ. ಹೋಗಿಬರುವ ಖರ್ಚು, ತಾಣದಲ್ಲಿನ ಖರ್ಚು, ಪೈಪೋಟಿಯ ತಾಣಗಳಲ್ಲಿನ ಖರ್ಚು, ಈ ಮೂರೂ ವಿನಿಮಯ ದರದ ಮೂಲಕ ಹಾದುಬಂದ ಮೇಲೆ ಉಳಿಯುವ ವ್ಯತ್ಯಾಸವೇ ಪ್ರವಾಸಿಗರಿಗೆ ನಿಜವಾದ ಬೆಲೆ. ಜಪಾನಿಗೆ 2012ರಲ್ಲಿ ಬಂದ ವಿದೇಶಿಯರು ಸುಮಾರು 84 ಲಕ್ಷ, 2019ರಲ್ಲಿ 3.19 ಕೋಟಿ. ಯೆನ್ ಅಗ್ಗವಾದದ್ದು ಇದಕ್ಕೆ ಕಾರಣವೆಂದು ಥಟ್ಟನೆ ಬರೆದುಬಿಡುವುದು ಸುಲಭ. ಆದರೆ ಅದೇ ವರ್ಷಗಳಲ್ಲಿ ಥಾಯ್ಲೆಂಡ್ ಮೊದಲಾದ ದೇಶಗಳವರಿಗೆ ವೀಸಾ ನಿಯಮಗಳು ಸಡಿಲವಾದವು, ಅಗ್ಗದ ವಿಮಾನಯಾನ ಬೆಳೆಯಿತು, ನೆರೆಯ ಚೀನಾದಲ್ಲಿ ಆದಾಯವೂ ಏರುತ್ತಿತ್ತು. ಇವನ್ನು ಬಿಡಿಸಿ ಅಳೆಯದೆ ವಿನಿಮಯ ದರವೊಂದಕ್ಕೇ ಶ್ರೇಯಸ್ಸು ಕೊಡುವ ವರದಿಗಳನ್ನು ನಾನು ನಂಬುವುದಿಲ್ಲ.

ಪ್ರಶ್ನೆ: ರಾಜಕೀಯ ಬಿಕ್ಕಟ್ಟು, ಭಯೋತ್ಪಾದನೆ, ಸಾಂಕ್ರಾಮಿಕ ರೋಗಗಳು ಬಂದಾಗ ಬಯಕೆಯೇ ಸತ್ತುಹೋಗುತ್ತದೆಯೇ?

ಉತ್ತರ: ಇಲ್ಲ, ಬಹುಪಾಲು ಅದು ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಮುಂದಕ್ಕೆ ಹೋಗುತ್ತದೆ. 2015ರ ಜೂನ್‌ನಲ್ಲಿ ಟುನೀಶಿಯಾದ ಸೂಸ್ ಕಡಲತೀರದಲ್ಲಿ ನಡೆದ ದಾಳಿಯಲ್ಲಿ 38 ಮಂದಿ ಪ್ರಾಣ ಕಳೆದುಕೊಂಡ ನಂತರ ಯುರೋಪಿನ ಪ್ರವಾಸಿಗರು ಸ್ಪೇನ್‌ನಂತಹ ದೇಶಗಳತ್ತ ಹೊರಳಿದರು. ಬಿಸಿಲು ಮತ್ತು ಸಮುದ್ರ ಅವರ ಬಯಕೆಯಾಗಿದ್ದು, ಟುನೀಶಿಯಾ ಅದನ್ನು ಪೂರೈಸುವ ತಾಣಗಳಲ್ಲಿ ಒಂದಾಗಿತ್ತಷ್ಟೆ. ಯಾವ ತಪ್ಪೂ ಮಾಡದ ಹೋಟೆಲ್ ಕೆಲಸಗಾರರ ಜೀವನೋಪಾಯ ಒಂದೇ ಋತುವಿನಲ್ಲಿ ಕುಸಿಯುವುದು ಈ ಸಡಿಲತೆಯಿಂದಲೇ. ನಮ್ಮ ಕೋಷ್ಟಕಗಳಲ್ಲಿ ಅದು ಕಾಣಿಸುವುದಿಲ್ಲ ಎಂಬುದು ನನ್ನನ್ನು ಬಾಧಿಸುತ್ತದೆ.

ಸರ್ಕಾರಗಳೂ ಬೇಡಿಕೆಯನ್ನು ತಡೆಯಬಲ್ಲವು. ಅಮೆರಿಕದ ಥಾಡ್ ಕ್ಷಿಪಣಿ ರಕ್ಷಣಾ ವ್ಯವಸ್ಥೆಯನ್ನು ದಕ್ಷಿಣ ಕೊರಿಯಾದಲ್ಲಿ ನೆಲೆಗೊಳಿಸಿದ ವಿವಾದದಲ್ಲಿ ಚೀನಾ 2017ರಲ್ಲಿ ಆ ದೇಶಕ್ಕೆ ಗುಂಪು ಪ್ರವಾಸಗಳನ್ನು ನಿಲ್ಲಿಸಿದಾಗ, ಅಲ್ಲಿಗೆ ಹಿಂದಿನ ವರ್ಷ 80 ಲಕ್ಷದಷ್ಟಿದ್ದ ಚೀನೀ ಪ್ರವಾಸಿಗರು ಸುಮಾರು 42 ಲಕ್ಷಕ್ಕೆ ಇಳಿದರು. ಕೋವಿಡ್‌ನಿಂದ 2020ರಲ್ಲಿ ಜಾಗತಿಕ ಆಗಮನಗಳು 40 ಕೋಟಿಯ ಆಸುಪಾಸಿಗೆ ಕುಸಿದರೂ 2024ರ ವೇಳೆಗೆ ಮತ್ತೆ 140 ಕೋಟಿಯಷ್ಟಾದವು.

ಪ್ರಶ್ನೆ: ಪ್ರಬಂಧಕ್ಕಾಗಿ ಪ್ರವಾಸಿಗರ ಸಮೀಕ್ಷೆ ಮಾಡಬೇಕಾಗಿದೆ. ನೀವೇಕೆ ಬಂದಿರಿ ಎಂದು ಕೇಳಿದರೆ ಸಾಕೇ?

ಉತ್ತರ: ಸಾಲದು. ಆ ಪ್ರಶ್ನೆಗೆ ಹೆಚ್ಚಿನವರು ಚೆಂದದ ಉತ್ತರವನ್ನೇ ಕೊಡುತ್ತಾರೆ. ಪ್ರತಿಷ್ಠೆಗಾಗಿ ಬಂದೆನೆಂದು ಒಪ್ಪಿಕೊಳ್ಳುವವರು ವಿರಳ. ಇಲ್ಲಿಗೆ ಬರಲಾಗದಿದ್ದರೆ ಬೇರೆ ಎಲ್ಲಿಗೆ ಹೋಗುತ್ತಿದ್ದಿರಿ, ಮನೆಯಲ್ಲಿಯೇ ಉಳಿಯುತ್ತಿದ್ದಿರಾ, ಖರ್ಚು ಐದನೆಯ ಒಂದು ಭಾಗ ಹೆಚ್ಚಿದ್ದರೆ ದಿನಗಳನ್ನು ಕಡಿಮೆ ಮಾಡುತ್ತಿದ್ದಿರಾ ಅಥವಾ ತಾಣವನ್ನೇ ಬದಲಿಸುತ್ತಿದ್ದಿರಾ ಎಂದೂ ಕೇಳಿ. ಬಂಧುಗಳನ್ನು ನೋಡಲು ಬಂದವರ ಉತ್ತರಗಳನ್ನು ವಿಹಾರಕ್ಕೆ ಬಂದವರ ಉತ್ತರಗಳೊಂದಿಗೆ ಬೆರೆಸದೆ ಬೇರೆಯಾಗಿಯೇ ವಿಶ್ಲೇಷಿಸಿ.