ಜರ್ಮನಿಯಲ್ಲಿ ಸೆಮಿಸ್ಟರ್ ಮುಗೀತಾ ಬಂತು, ಹೊರಡುವ ಮುಂಚೆ ಏನೇನು ಮಾಡಬೇಕು?

ಪ್ರಶ್ನೆ: ಮೇಡಂ, ನಾನು ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ. ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆ ಜರ್ಮನಿಗೆ ಬಂದಿದ್ದೇನೆ. ಜುಲೈ ಕೊನೆಗೆ ಕ್ಲಾಸ್ ಮುಗಿಯುತ್ತದೆ. ಜುಲೈ 30ಕ್ಕೆ ಟಿಕೆಟ್ ಮಾಡಿಸಲಾ? ಅಮ್ಮ ದಿನಾ ಫೋನ್ ಮಾಡಿ ಕೇಳುತ್ತಿದ್ದಾರೆ.

ಉತ್ತರ (ಇಲ್ಲಿನ ವಿಶ್ವವಿದ್ಯಾಲಯವೊಂದರ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ): ಇನ್ನೂ ಮಾಡಿಸಿಲ್ಲ ಅಲ್ವಾ, ಸದ್ಯ! ಮೊದಲು ಪರೀಕ್ಷೆ ಯಾವತ್ತು ನೋಡಿ. ಇಲ್ಲಿ ಕ್ಲಾಸ್ ಮುಗಿಯುವುದೇ ಬೇರೆ, ಸೆಮಿಸ್ಟರ್ ಮುಗಿಯುವುದೇ ಬೇರೆ. ಹೆಚ್ಚಿನ ಕಡೆ ಬೇಸಿಗೆ ಸೆಮಿಸ್ಟರ್ ಲೆಕ್ಕಕ್ಕೆ ಸೆಪ್ಟೆಂಬರ್ 30ರವರೆಗೂ ಇರುತ್ತದೆ. ಪರೀಕ್ಷೆ ಆಗಸ್ಟ್‌ಗೂ ಬೀಳಬಹುದು, ಸೆಪ್ಟೆಂಬರ್‌ಗೂ ಬೀಳಬಹುದು. ಟಿಕೆಟ್ ಮಾಡಿಸಿ ಆಮೇಲೆ ದಿನಾಂಕ ನೋಡಿದವರು ಪ್ರತಿ ವರ್ಷ ನಮ್ಮ ಬಾಗಿಲಿಗೆ ಬರುತ್ತಾರೆ. ನಾವು ಪ್ರೊಫೆಸರ್‌ಗೆ ಒಂದು ಮೇಲ್ ಹಾಕಬಹುದು, ಅಷ್ಟೇ.

ಇನ್ನೊಂದು ಮಾತು. ಬರೆಯದ ಪರೀಕ್ಷೆಗೆ ಹೆಸರು ಕೊಟ್ಟಿದ್ದರೆ ಗಡುವಿನೊಳಗೆ ತೆಗೆಸಿ. ಸುಮ್ನೆ ಹೋಗದೆ ಇದ್ದರೆ 5.0 ಬೀಳುವುದುಂಟು, ಅಂದರೆ ಫೇಲ್. ಇಲ್ಲಿ ಅಂಕ ಉಲ್ಟಾ: 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಬಂದರೆ ಹೇಗೋ ಪಾಸ್. ಇದನ್ನು ಮನೆಯಲ್ಲಿ ಈಗಲೇ ಹೇಳಿಡಿ. ಒಬ್ಬ ಹುಡುಗ 1.3 ತಗೊಂಡಿದ್ದ. ಹತ್ತಕ್ಕೆ 1.3 ಅಂದುಕೊಂಡು ಅವನಪ್ಪ ಎರಡು ದಿನ ಮಾತೇ ಆಡಲಿಲ್ಲವಂತೆ!

ಪ್ರಶ್ನೆ: ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ಬಾ ಅಂತ ನಮ್ಮ ಕಾಲೇಜಿನವರು ಹೇಳಿದ್ದಾರೆ.

ಉತ್ತರ: ಅದು ಆಗುವುದು ಕಷ್ಟ. ಪೇಪರ್ ತಿದ್ದುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಟ್ರಾನ್ಸ್‌ಕ್ರಿಪ್ಟ್ ಆಮೇಲೆ ಯಾರು ಕಳಿಸುತ್ತಾರೆ, ಯಾವ ವಿಳಾಸಕ್ಕೆ ಅಂತ ಈಗಲೇ ಕೇಳಿಕೊಳ್ಳಿ. ಯೂನಿವರ್ಸಿಟಿ ಲಾಗಿನ್ ಯಾವಾಗ ನಿಲ್ಲುತ್ತದೆ ಅಂತಲೂ ಕೇಳಿ. ನಡುವೆ ವಿಷಯ ಬದಲಾಯಿಸಿದ್ದರೆ ಆ ಬದಲಾವಣೆಗೆ ನಿಮ್ಮ ಕಾಲೇಜಿನ ಸಹಿ ಆಗಿದೆಯಾ? ಕ್ರೆಡಿಟ್ ಸಿಕ್ಕಿಹಾಕಿಕೊಳ್ಳುವುದು ಬಹುಪಾಲು ಅಲ್ಲೇ. ಇಷ್ಟು ದಿನ ಇಲ್ಲಿ ಓದಿದರು ಅನ್ನುವ ಪತ್ರ ಮಾತ್ರ ಹೊರಡುವ ವಾರದಲ್ಲಿ ಬಂದು ತಗೊಳ್ಳಿ.

ಪ್ರಶ್ನೆ: ಮತ್ತೆ ಆ ಆಬ್‌ಮೆಲ್ಡುಂಗ್? ಮಾಡದೆ ಹೋದರೆ ಏನಾಗುತ್ತೆ?

ಉತ್ತರ: ಬಂದಾಗ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ್ದಿರಲ್ಲ, ಹೋಗುವಾಗ ಅದನ್ನು ತೆಗೆಸುವುದೇ ಆಬ್‌ಮೆಲ್ಡುಂಗ್. ಮನೆ ಬಿಡುವ ಒಂದು ವಾರದ ಮುಂಚಿನಿಂದ ಬಿಟ್ಟ ಎರಡು ವಾರದೊಳಗೆ ಮಾಡಬೇಕು. ಕೊಡುವ ಚೀಟಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಹೆಲ್ತ್ ಇನ್ಶೂರೆನ್ಸ್ ನಿಲ್ಲಿಸುವಾಗ ಅದನ್ನು ಕೇಳಬಹುದು. ರೇಡಿಯೊ-ಟಿವಿ ಶುಲ್ಕ, ಅದೇ ತಿಂಗಳಿಗೆ 18.36 ಯೂರೊ, ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ಬೇರೆಯಾಗಿ ನಿಲ್ಲಿಸಬೇಕು. ನಗರ ಕಚೇರಿಗೆ ಹೇಳಿದೆ, ಎಲ್ಲಾ ಮುಗೀತು ಅಂದುಕೊಳ್ಳಬೇಡಿ.

ಬ್ಯಾಂಕ್ ಖಾತೆಯನ್ನು ಮಾತ್ರ ಅವಸರದಲ್ಲಿ ಮುಚ್ಚಬೇಡಿ. ರೂಮಿನ ಡೆಪಾಸಿಟ್ ವಾಪಸ್ ಬರಲು ತಿಂಗಳುಗಳೇ ಆಗಬಹುದು. ಕೀ ಕೊಡುವಾಗ ರೂಮು ಹೇಗಿತ್ತು ಅಂತ ಬರೆಸಿ, ಇಬ್ಬರೂ ಸಹಿ ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ. ಒಗ್ಗರಣೆ ಜಿಡ್ಡು ಒಲೆಯ ಹಿಂದಿನ ಗೋಡೆಯಲ್ಲಿ ಕೂತಿರುತ್ತದೆ, ಅದನ್ನು ಮೊದಲು ಉಜ್ಜಿ. ನಾನು ಓದುವಾಗ ನನ್ನ ಡೆಪಾಸಿಟ್‌ನಲ್ಲಿ ಅದಕ್ಕೇ ಹಿಡಿದುಕೊಂಡಿದ್ದರು.

ಪ್ರಶ್ನೆ: ಪರೀಕ್ಷೆ ಆದಮೇಲೆ ಒಂದು ವಾರ ಪ್ಯಾರಿಸ್ ಸುತ್ತಿ ಬರಬಹುದಾ?

ಉತ್ತರ: ವೀಸಾ ಅಥವಾ ಇಲ್ಲಿರಲು ಕೊಟ್ಟ ಪರವಾನಗಿ ಕಾರ್ಡ್ ಮೇಲಿನ ಕೊನೆಯ ದಿನದೊಳಗೆ ಆದರೆ ಧಾರಾಳವಾಗಿ. ಅದು ಮುಗಿದಮೇಲೆ ಟೂರಿಸ್ಟ್ ಅಂತ ಉಳಿಯುವ ಹಾಗಿಲ್ಲ. ಪರೀಕ್ಷೆಯೇ ಆ ದಿನ ದಾಟಿದರೆ, ವೀಸಾ ಅಥವಾ ಕಾರ್ಡ್ ಮುಗಿಯುವ ಮುಂಚೆಯೇ ವಿದೇಶಿಯರ ಕಚೇರಿಗೆ ಅರ್ಜಿ ಹಾಕಿ.

ಪ್ರಶ್ನೆ ಕೇಳಿದವರು: ನೋಡಿದೆ ಮೇಡಂ, ಕೊನೆಯ ಪೇಪರ್ ಆಗಸ್ಟ್ 19ಕ್ಕೆ! ಅಮ್ಮನಿಗೆ ಹೇಳಿದೆ. "ಗೌರಿ ಹಬ್ಬಕ್ಕಾದ್ರೂ ಬರ್ತೀಯಾ ಇಲ್ವಾ?" ಅಂದರು.