ಸಹಾಯ ಬೇಕು: ತಂಗಿಯ ಕಾಲು ಪದೇ ಪದೇ ಉಳುಕುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯವರು. ತಂಗಿ ಪಿಯುಸಿ ಓದುತ್ತಿದ್ದಾಳೆ, ಖೋ ಖೋ ಆಡುತ್ತಾಳೆ. ಬೇಸಿಗೆಯಲ್ಲಿ ಕಂಬ ಹಿಡಿದು ತಿರುಗುವಾಗ ಬಲಗಾಲು ಒಳಮಗ್ಗುಲಿಗೆ ಮಡಚಿ ಉಳುಕಿತು. ಪಾದದ ಗಂಟಿನ ಹೊರಗಿನ ಎಲುಬಿನ ಕೆಳಗೆ ನಿಂಬೆಹಣ್ಣಿನಷ್ಟು ಬಾವು ಬಂದು ನೀಲಿಗಟ್ಟಿತ್ತು. ಎಕ್ಸ್‌ರೇಯಲ್ಲಿ ಎಲುಬು ಮುರಿದಿಲ್ಲ ಅಂತ ಬಂತು. ಐಸ್, ಕ್ರೇಪ್ ಬ್ಯಾಂಡೇಜು, ರೆಸ್ಟು ಎಲ್ಲಾ ಆಯ್ತು. ಅಜ್ಜಿ ಬಿಡಲಿಲ್ಲ ಅಂತ ಎಣ್ಣೆ ತಿಕ್ಕಿಸಿದ್ದೂ ಆಯ್ತು. ಅವತ್ತು ಅವಳು ಕಿರುಚಿದ್ದು ಇಡೀ ಓಣಿಗೆ ಕೇಳಿತ್ತು!

ಈಗ ನೋವಿಲ್ಲ. ನೆಟ್ಟಗೆ ಓಡುತ್ತಾಳೆ. ಆದರೆ ಗಕ್ಕನೆ ದಿಕ್ಕು ಬದಲಿಸಿದರೆ ಅದೇ ಕಾಲು ಮತ್ತೆ ಹೊರಳುತ್ತದೆ. ಕಣ್ಣು ಮುಚ್ಚಿ ಎಡಗಾಲಲ್ಲಿ ಆರಾಮಾಗಿ ನಿಲ್ಲುತ್ತಾಳೆ, ಬಲಗಾಲಲ್ಲಿ ತೂರಾಡುತ್ತಾಳೆ.

ಎಕ್ಸ್‌ರೇಯಲ್ಲಿ ಲಿಗಮೆಂಟ್ (ಎಲುಬುಗಳನ್ನು ಹಿಡಿದಿಡುವ ನಾರು) ಕಾಣಲ್ಲ, ಎಂಆರ್‌ಐ ಮಾಡಿಸಿ ಅಂತ ಒಬ್ಬ ಡಾಕ್ಟರ್. ಬ್ಯಾಲೆನ್ಸ್ ವ್ಯಾಯಾಮ ಸಾಕು, ಸುಮ್ನೆ ದುಡ್ಡು ಹಾಕಬೇಡಿ ಅಂತ ಇನ್ನೊಬ್ಬರು. ಕೋಚ್ ಅಂತೂ ಆಂಕಲ್ ಬ್ರೇಸ್ (ಪಾದದ ಗಂಟಿಗೆ ಹಾಕುವ ಬಿಗಿ ಪಟ್ಟಿ) ಹಾಕ್ಕೊಂಡು ಆಡಲಿ ಅಂತಾರೆ. ತಾಲೂಕು ಮಟ್ಟದ ಆಟ ಹತ್ತಿರ ಬಂತಲ್ಲ, ಅವರಿಗೂ ಅವಸರ.

ಇದೇ ತರ ಆದವರು ಮೊದಲು ಎಂಆರ್‌ಐ ಮಾಡಿಸಿದಿರಾ, ಇಲ್ಲಾ ವ್ಯಾಯಾಮ ಶುರು ಮಾಡಿದಿರಾ? ಬ್ರೇಸ್ ಹಾಕಿ ಆಡಿಸಬಹುದಾ? ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆ ಆಟಗಾರರ ಕಾಲು ನೋಡಿ ಗೊತ್ತಿರುವ ಫಿಸಿಯೋ ಯಾರಾದರೂ ಇದ್ದಾರಾ?